ಹನ್ನೊಂದರ ಹಿಮದ ಕೊಯ್ಲು

"ಆ ಡಿಸೆಂಬರಿನಲ್ಲಿ ಅಷ್ಟು ಚಳಿ ಎಲ್ಲಿತ್ತು?"

ವಾಲ್‌ಬುರ್ಗ ಕೀಫರ್ ಕೇಳಿದ್ದು ಯಾರನ್ನೂ ಅಲ್ಲ. ನೆಲಮಾಳಿಗೆಯಲ್ಲಿ ಅವಳೊಬ್ಬಳೇ ಇದ್ದಳು. ಮಾತು ಕಮಾನಿನ ಕಲ್ಲಿಗೆ ತಾಗಿ, ಖಾಲಿ ಪೀಪಾಯಿಗಳ ಬಾಯಲ್ಲಿ ಸ್ವಲ್ಪ ಹೊತ್ತು ತಂಗಿ, ಇಂಗಿಹೋಯಿತು.

ಅವಳ ಕೈಯಲ್ಲಿ ಒಂದು ಅರ್ಧ ಬಾಟಲಿ ಇತ್ತು. ಟಾರ್ಚಿನ ಬೆಳಕಿಗೆ ಒಳಗಿನ ವೈನ್ ಹಳೆಯ ಜೇನಿನ ಬಣ್ಣಕ್ಕೆ ತಿರುಗಿತ್ತು.

ಲೇಬಲ್ಲಿನ ಮೇಲೆ ಕಾನೂನು ಕೇಳುವಷ್ಟೇ ಮಾತು. ದ್ರಾಕ್ಷಿ ರೀಸ್ಲಿಂಗ್. ತೋಟ ಗ್ರಾಫೆನ್‌ಲೈ. ವರ್ಷ ಎರಡು ಸಾವಿರದ ಹನ್ನೊಂದು. ಅದರ ಕೆಳಗೆ ಐಸ್‌ವೈನ್, ಅಂದರೆ ಬಳ್ಳಿಯ ಮೇಲೆಯೇ ಹೆಪ್ಪುಗಟ್ಟಿದ ಹಣ್ಣಿನದು. ತೋಟದವರೇ ಬಾಟಲಿಗೆ ತುಂಬಿದ್ದು. ಕೊನೆಯಲ್ಲಿ ಸರ್ಕಾರಿ ಪರೀಕ್ಷೆಯ ಸಂಖ್ಯೆ.

ವಸಂತದ ಮಳೆಗೆ ಗ್ರಾಫೆನ್‌ಲೈ ಇಳಿಜಾರಿನ ಕಲ್ಲುಗೋಡೆ ಕುಸಿದು, ಅದರ ಬೆನ್ನಿನ ಮಣ್ಣಿನಿಂದ ಫೈಟ್ ಲ್ಯೋರನ ಎಲುಬುಗಳು ಹೊರಬಂದ ಮೇಲೆ ಈ ನೆಲಮಾಳಿಗೆಯಲ್ಲಿ ಅವನ ಪಾಲಿನ ಬೀಗ ತೆಗೆದಿದ್ದರು. ಸತ್ತವನ ಬಾಟಲಿಗಳನ್ನು ಓದಿ ಹೇಳಲು ಪೊಲೀಸರು ಸರ್ಕಾರದ ವೈನ್ ತಪಾಸಣಾಧಿಕಾರಿ ವಾಲ್‌ಬುರ್ಗಳನ್ನು ಕರೆಸಿದ್ದರು.

ಅಷ್ಟು ವರ್ಷ ಎನ್ಸ್‌ವೈಲರ್ ಹಳ್ಳಿ ಅವನನ್ನು ಹುಡುಕಿಯೇ ಇರಲಿಲ್ಲ. ಪೋರ್ಚುಗಲ್ಲಿಗೆ ಹೋಗುತ್ತೇನೆ ಎಂದು ಆಗಾಗ ಅನ್ನುತ್ತಿದ್ದ. ಹೋಗಿರಬೇಕು ಅಂದುಕೊಂಡರು. ಮಾತು ಕಡಿಮೆಯಿದ್ದವನು ಇಲ್ಲವಾದಾಗ ಊರಿನ ಸದ್ದು ಕಡಿಮೆಯಾಗುವುದಿಲ್ಲ.

ಬೋರಲು ಹಾಕಿದ ಒಂದೇ ಒಂದು ಗಾಜಿನ ಲೋಟ ಪೀಪಾಯಿಯ ಮೇಲಿತ್ತು. ಒಂದೇ ಸ್ಟೂಲು. ವಾಲ್‌ಬುರ್ಗ ಅದರ ಮೇಲೆ ಕೂರಲಿಲ್ಲ. ಟ್ರೀರ್ ಪಟ್ಟಣದ ತನ್ನ ಅಡುಗೆಮನೆಯಲ್ಲೂ ಒಂದೇ ಲೋಟ ಹೀಗೆ ಬೋರಲು ಬಿದ್ದಿರುತ್ತದೆ ಎಂಬುದು ಅವಳಿಗೆ ಬೇಡದಿದ್ದರೂ ನೆನಪಾಯಿತು.

ಬೆಳಿಗ್ಗೆ ಕಾರಿನಲ್ಲಿ ಬರುವಾಗ ಇನ್‌ಸ್ಪೆಕ್ಟರ್ ಬ್ರಾಂಡ್‌ಶೈಡ್ ಮಾತಿನ ನಡುವೆ ಹೇಳಿದ್ದ. "ಫೈಟ್ ಸತ್ತಿದ್ದು ಹನ್ನೊಂದರ ಡಿಸೆಂಬರಲ್ಲಿ ಮೇಡಂ. ಕೊನೆಗೆ ಜೊತೇಲಿದ್ದಿದ್ದು ಅದೇ ಊರಿನ ಒಟ್ಟೀಲಿಯ ಥೆಲೆನ್. ಅವನ ಮನೆ ಬೀಗದ ಕೈ ಇಷ್ಟು ವರ್ಷ ಆಯಮ್ಮನ ಹತ್ರಾನೇ ಇತ್ತು. ನಾಳೆ ಬೆಳಿಗ್ಗೆ ಬಂಧಿಸ್ತೀನಿ."

ಕೇಳಿಸಿಕೊಳ್ಳುವುದು ವಾಲ್‌ಬುರ್ಗಳಿಗೆ ಚಿಕ್ಕಂದಿನ ಅಭ್ಯಾಸ. ಅಜ್ಜಿ ಒಲೆಯ ಮುಂದೆ ಸಂತರ ಹೆಸರುಗಳನ್ನು ರಾಗವಾಗಿ ಹೇಳುತ್ತ ಹೋಗುವಾಗ, ಒಂದು ಹೆಸರು ಜಾರಿದರೂ ಮಗುವಿನ ಕಿವಿಗೆ ಅದು ತಿಳಿಯುತ್ತಿತ್ತು. ಇವತ್ತೂ ಎಲ್ಲೋ ಒಂದು ಜಾರಿದೆ. ಅದು ಎಲ್ಲಿ ಎಂದು ಈ ಬಾಟಲಿ ಕೈಗೆ ಬಂದ ಮೇಲೆಯೇ ಗೊತ್ತಾದದ್ದು.

ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು.

"ಏನ್ ತಪಾಸಣೆಯಮ್ಮ, ಪೀಪಾಯಿ ಜೊತೆ ಮಾತಾಡ್ತಿದೀರಾ? ಉತ್ತರ ಕೊಟ್ವಾ?"

ಗಂಗೋಲ್ಫ್ ಲ್ಯೋರ್. ಸತ್ತವನ ಅಣ್ಣ, ಈಗ ತೋಟಕ್ಕೆಲ್ಲ ಒಬ್ಬನೇ ಒಡೆಯ. ಅಗಲವಾದ ಮನುಷ್ಯ. ಎಡಗಾಲನ್ನು ಎಳೆದು ಹಾಕುತ್ತ ಕೊನೆಯ ಮೆಟ್ಟಿಲಿಗೆ ಬಂದು ನಿಂತ.

"ನಿಮಗಿಂತ ಬೇಗ ಕೊಡ್ತವೆ," ಎಂದಳು ವಾಲ್‌ಬುರ್ಗ.

ಅವನು ನಕ್ಕ. ಕಮಾನಿನ ಆಚೆಯ ಪಾಲಿನಲ್ಲಿ ಅವನ ಬಾಟಲಿಗಳು ಸಾಲಾಗಿ ನಿಂತಿದ್ದವು. ಬಂಗಾರದ ಅಕ್ಷರ, ಸಿಂಹದ ಚಿತ್ರ. ‘ಹಳೆಯ ಬಳ್ಳಿಗಳಿಂದ’. ‘ಕುಟುಂಬದ ವಿಶೇಷ ಸಂಗ್ರಹ’.

"ನಿಮ್ಮ ಹಳೆ ಬಳ್ಳಿಗೆ ಎಷ್ಟು ವಯಸ್ಸು?"

"ನನ್ನ ಕಾಲಿಗಿಂತ ಗಟ್ಟಿಯಾಗಿವೆ."

"ಎಷ್ಟು ವರ್ಷ ಆದ್ರೆ ಹಳೆಯದು ಅಂತ ಕಾನೂನು ಹೇಳೇ ಇಲ್ಲ."

"ಹೇಳಿಲ್ಲ ಅಂತಾನೇ ಅಚ್ಚು ಹಾಕ್ಸಿರೋದು. ಓದಿದವರಿಗೆ ಖುಷಿ, ನಿಮ್ಮ ಇಲಾಖೆಗೆ ನಷ್ಟ ಇಲ್ಲ. ಏನ್ ತಪ್ಪು?"

"ತಪ್ಪೇನಿಲ್ಲ. ನಿಮ್ಮ ತಮ್ಮನ ಲೇಬಲ್ ಮೇಲೆ ಅಂಥದ್ದು ಒಂದೂ ಇಲ್ಲ, ಅದಕ್ಕೆ ಕೇಳಿದೆ."

"ಅವನು ಬಾಯಲ್ಲೂ ಹಾಗೇನೇ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ." ಅವನ ಕಣ್ಣು ಅವಳ ಕೈಯ ಮೇಲೆ ಬಿತ್ತು. "ಅದು ಯಾವುದು?"

"ಹನ್ನೊಂದರ ಐಸ್‌ವೈನ್."

ಗಂಗೋಲ್ಫ್ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಇದನ್ನ ಹಿಂಡಿದವರು ಯಾರು?" ಅವಳು ಕೇಳಿದಳು.

"ಫೈಟ್. ಇನ್ಯಾರು? ಹಣ್ಣು ಕಲ್ಲಿನ ಹಾಗೆ ಇರುವಾಗಲೇ ಹಿಂಡಿಬಿಡ್ಬೇಕು. ಕರಗಿದ್ರೆ ಮುಗೀತು, ನೀರು. ಹಿಂಡಿ ಮುಗಿಸಿ ಹೊರಟು ಹೋದ ಅಂತ ತಿಳ್ಕೊಂಡಿದ್ವಿ."

"ಬಾಟಲಿಗೆ ತುಂಬಿದ್ದು?"

"ನಾನು. ಬೇಸಿಗೇಲಿ. ಕಾಲು ಒಂದು ಹದಕ್ಕೆ ಬಂದ ಮೇಲೆ."

"ಕಾಲಿಗೆ ಏನಾಗಿತ್ತು?"

"ಇದೇ ಮೆಟ್ಟಿಲು. ಕ್ರಿಸ್ಮಸ್ಸಿಗೆ ಕಾಯೋ ಅಡ್ವೆಂಟಿನ ಮೊದಲ ವಾರ ಜಾರಿದೆ, ಸೊಂಟದ ಮೂಳೆ ಮುರೀತು. ಆ ಡಿಸೆಂಬರ್ ಪೂರ್ತಿ ನಾನು ಆಸ್ಪತ್ರೆ ಮಂಚದ ಮೇಲೆ ಮಲಗಿದ್ದೆ, ತಪಾಸಣೆಯಮ್ಮ. ಇವ್ನು ಇಲ್ಲಿ ಹಿಮದ ಹಣ್ಣು ಕೊಯ್ತಿದ್ದಾಗ ನಾನು ಚಾವಣಿ ನೋಡ್ತಿದ್ದೆ. ನಿಮ್ಮ ಇನ್‌ಸ್ಪೆಕ್ಟರಿಗೂ ಅದನ್ನೇ ಹೇಳಿದೀನಿ."

ವಾಲ್‌ಬುರ್ಗ ತಲೆಯಾಡಿಸಿದಳು. ಬಾಟಲಿಯನ್ನು ಎತ್ತಿಕೊಂಡಿದ್ದ ಜಾಗದಲ್ಲೇ, ಧೂಳಿನಲ್ಲಿ ಉಳಿದಿದ್ದ ಅದರದೇ ಗುರುತಿನ ಮೇಲೆ ಇಟ್ಟಳು. ತನ್ನ ಮುಖ ಅವನಿಗೆ ಕಾಣದಂತೆ ಟಾರ್ಚ್ ಆರಿಸಿದಳು.

ಹೊರಗಿನವನು ಡಿಸೆಂಬರ್ ಅಂದರೆ ಅದು ಅಜ್ಞಾನ. ಈ ವೈನನ್ನು ತನ್ನ ಕೈಯಾರೆ ಬಾಟಲಿಗೆ ಇಳಿಸಿದವನು ಡಿಸೆಂಬರ್ ಅಂದರೆ ಅದು ಬೇರೆ.

*

ಮೊಸೆಲ್ ನದಿಯ ಮೇಲೆ ಮಂಜು ಮಧ್ಯಾಹ್ನವಾದರೂ ಎದ್ದಿರಲಿಲ್ಲ. ದೋಣಿಗಟ್ಟೆಯ ಬಳಿ ಕಾರು ನಿಲ್ಲಿಸಿಕೊಂಡು ಬ್ರಾಂಡ್‌ಶೈಡ್ ಬನ್ನಿನ ನಡುವೆ ಸಾಸೇಜು ಇಟ್ಟು ತಿನ್ನುತ್ತಿದ್ದ. ಉತ್ತರದ ಬ್ರೆಮೆನ್ ಕಡೆಯವನು, ಬಿಯರ್ ಕುಡಿದು ಬೆಳೆದವನು. ಈ ಕಣಿವೆಗೆ ವರ್ಗವಾಗಿ ಬಂದದ್ದು ಇತ್ತೀಚೆಗೆ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಈಗ ನನಗೂ ಲೇಬಲ್ ಓದೋಕೆ ಬರುತ್ತೆ. ಬೇಕಾದ್ರೆ ಪರೀಕ್ಷೆ ಮಾಡಿ."

"ಹೇಳಿ ನೋಡೋಣ."

"ಫ್ರಾನ್ಸಿನವರು ನೆಲಕ್ಕೆ ಪಟ್ಟ ಕಟ್ತಾರೆ. ಈ ತೋಟ ದೊಡ್ಡದು, ಪಕ್ಕದ್ದು ಅದಕ್ಕಿಂತ ಕಡಿಮೆ, ಅಂತ. ಇಲ್ಲಿ ನೀವು ಹಣ್ಣಿಗೆ ಕಟ್ತೀರಿ. ಕೊಯ್ದಾಗ ಎಷ್ಟು ಮಾಗಿತ್ತು ಅನ್ನೋದ್ರ ಮೇಲೆ. ಕಾಬಿನೆಟ್ ಅಂದ್ರೆ ಹಗುರ. ಷ್ಪೇಟ್‌ಲೇಸೆ ಅಂದ್ರೆ ತಡವಾಗಿ ಕೊಯ್ದಿದ್ದು. ಔಸ್‌ಲೇಸೆ ಅಂದ್ರೆ ಗೊಂಚಲು ಆರಿಸಿ ಕೊಯ್ದಿದ್ದು. ಮೇಲೆ ಹೋದ ಹಾಗೆಲ್ಲ ಸಿಹಿ."

"ಕೊನೇ ಮಾತು ತಪ್ಪು."

"ಹೋಯ್ತಾ?"

"ಸಿಹಿ ಇದ್ದಿದ್ದು ಹಣ್ಣಲ್ಲಿ. ಅದನ್ನೆಲ್ಲ ಹುಳಿಸಿಬಿಟ್ರೆ ಔಸ್‌ಲೇಸೆ ಕೂಡ ಸಿಹಿ ಇಲ್ಲದೆ ಬರಬಹುದು. ಪಕ್ಕದಲ್ಲಿ ‘ಟ್ರೊಕನ್’ ಅಂತ ಇದ್ರೆ ಸಿಹಿ ಇಲ್ಲ ಅಂತ ತಿಳ್ಕೊಳ್ಳಿ. ಮೇಲಿನ ಹೆಸರು ಹಣ್ಣಿನ ಚರಿತ್ರೆ ಹೇಳುತ್ತೆ, ನಾಲಿಗೆ ವಿಷಯ ಹೇಳಲ್ಲ."

"ಅಯ್ಯಪ್ಪ. ಇದಕ್ಕಿಂತ ದಂಡಸಂಹಿತೆ ಸುಲಭ." ಅವನು ತುಟಿ ಒರೆಸಿಕೊಂಡ. "ಆದ್ರೆ ಒಂದು ಮಾತ್ರ ನಾನು ಸರಿಯಾಗಿ ಹಿಡಿದಿದೀನಿ. ಫೈಟ್‌ನ ಆ ಐಸ್‌ವೈನ್. ಲೇಬಲ್ ಮೇಲೆ ವರ್ಷ ಹನ್ನೊಂದು. ಪರೀಕ್ಷೆ ಸಂಖ್ಯೆಯ ಬಾಲದಲ್ಲಿ ಹನ್ನೆರಡು. ಅಂದ್ರೆ ಹನ್ನೊಂದರಲ್ಲಿ ಕೊಯ್ಲು, ಹನ್ನೆರಡರಲ್ಲಿ ಪರೀಕ್ಷೆ. ಹೌದೋ ಅಲ್ವೋ?"

"ಬೇರೆ ಎಲ್ಲ ಬಾಟಲಿಗೂ ಹೌದು. ಇದೊಂದಕ್ಕೆ ಅಲ್ಲ."

ಅವನ ಕೈ ಬನ್ನಿನ ಜೊತೆ ಗಾಳಿಯಲ್ಲೇ ನಿಂತಿತು.

ವಾಲ್‌ಬುರ್ಗ ಮಂಜಿನ ಕಡೆ ನೋಡುತ್ತ ಹೇಳಿದಳು. "ಹಿಮದ ಕೊಯ್ಲಿಗೆ ಹಣ್ಣು ಬಳ್ಳಿ ಮೇಲೆ ಹೆಪ್ಪುಗಟ್ಟಬೇಕು. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಇಳೀಬೇಕು, ಅದು ಕಾನೂನು. ಒಂದು ವರ್ಷ ನವೆಂಬರಿನಲ್ಲೇ ಇಳಿಯುತ್ತೆ. ಒಂದು ವರ್ಷ ಇಳಿಯೋದೇ ಇಲ್ಲ. ಹನ್ನೊಂದರಲ್ಲಿ ಡಿಸೆಂಬರ್ ಪೂರ್ತಿ ಮಳೆ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ಕೊಯ್ಲು ನೋಡೋಕೆ ಹೋಗಬೇಕಾದವಳು ನಾನೇ ಅಲ್ವ. ಅಡ್ವೆಂಟ್ ಪೂರ್ತಿ ಉಣ್ಣೆ ಕಾಲುಚೀಲ ಬಾಗಿಲ ಹತ್ರ ಇಟ್ಕೊಂಡು ಕಾದಿದ್ದೆ. ಫೋನ್ ಬರಲೇ ಇಲ್ಲ." ಕ್ರಿಸ್ಮಸ್ಸಿಗೂ ಬೇರೆ ಯಾರ ಫೋನೂ ಬರಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ. "ಚಳಿ ಬಿದ್ದಿದ್ದು ಸಂತ ಆಂಟನಿ ದಿನದ ಆಸುಪಾಸು. ಜನವರಿ ಮಧ್ಯ."

"ಜನವರಿ ಅಂದ್ರೆ ಹನ್ನೆರಡಾಯ್ತಲ್ಲ ಮೇಡಂ. ಲೇಬಲ್ ಮೇಲೆ..."

"ಹಣ್ಣು ಬೆಳೆದಿದ್ದು ಹನ್ನೊಂದರ ಬಿಸಿಲಲ್ಲಿ. ಜನವರಿಲಿ ಕೊಯ್ದ್ರೂ ಅದಕ್ಕೆ ಹಳೇ ವರ್ಷದ್ದೇ ಹೆಸರು. ನಿಯಮ ಹಾಗಿದೆ. ಲೇಬಲ್ಲಿಗೆ ಹೇಗೋ ಈ ಊರಿನ ಬಾಯಿಗೂ ಹಾಗೇ. ಇಲ್ಲಿ ಮಗು ಹುಟ್ಟಿದ್ದು, ಸೂರು ಹಾರಿದ್ದು, ಎಲ್ಲ ವೈನಿನ ವರ್ಷದ ಮೇಲೇನೇ." ಅವಳು ಅವನ ಕಡೆ ತಿರುಗಿದಳು. "ಒಟ್ಟೀಲಿಯ ಏನಂದಿದ್ರು? ಅವರ ಮಾತಲ್ಲೇ ಹೇಳಿ."

ಬ್ರಾಂಡ್‌ಶೈಡ್ ನೆನಪು ಮಾಡಿಕೊಂಡ. "‘ಹನ್ನೊಂದರ ಹಿಮದ ಕೊಯ್ಲಿನ ದಿನ ಅವನನ್ನ ಕೊನೇ ಸಲ ನೋಡಿದ್ದು.’ ಇಷ್ಟೇ."

"ನೀವು ಡಿಸೆಂಬರ್ ಅಂತ ಬರೆದ್ರಿ."

"ಹಿಮ ಅಂದ್ರು, ಹನ್ನೊಂದು ಅಂದ್ರು. ಮತ್ತೆ ಇನ್ನೇನು ಬರೀಲಿ?" ಅವನ ಮುಖ ಕೆಂಪಾಯಿತು. "ಓದಿ ಹೇಳಿದೆನಲ್ಲ. ಡಿಸೆಂಬರ್ ಅಂತ ಬಾಯ್ಬಿಟ್ಟು ಓದಿದೆ."

"ಓದಿದಾಗ ಅವರು ಏನಂದ್ರು?"

"ಏನೂ ಅನ್ನಲಿಲ್ಲ. ಪೆನ್ನು ಕೇಳಿದ್ರು."

ಮಂಜಿನೊಳಗೆ ಎಲ್ಲೋ ಒಂದು ಸರಕು ದೋಣಿ ಕೂಗಿ, ಮುಂದೆ ಹೋಯಿತು.

"ಹಾಗಾದ್ರೆ ಗಂಗೋಲ್ಫ್," ಅವನು ನಿಧಾನವಾಗಿ ಅಂದ. "ಅವನು ಮನೆಗೆ ಬಂದಿದ್ದು ಜನವರಿ ಆರರ ಮೂರು ರಾಜರ ಹಬ್ಬ ಆದ ತಕ್ಷಣ. ಸಂತ ಆಂಟನಿ ದಿನಕ್ಕೆ ಇಲ್ಲೇ ಇದ್ದ."

"ಇದ್ದ. ನನ್ನ ಹತ್ರ ಈಗಷ್ಟೇ ಡಿಸೆಂಬರ್ ಅಂತ ಹೇಳಿದ. ಬಾಟಲಿಗೆ ತುಂಬಿದವನು ತಾನೇ ಅಂತಲೂ ಹೇಳಿದ. ನಿಮ್ಮ ತಪ್ಪು ಅವನಿಗೆ ಗೊತ್ತಿದೆ. ಅದರ ಕೆಳಗೆ ಹೋಗಿ ಬೆಚ್ಚಗೆ ಕೂತಿದಾನೆ."

"ಆದ್ರೆ ಮೇಡಂ, ಒಂದು ವಿಷಯ. ಎರಡು ಕಂಕುಳಿಗೂ ಊರುಗೋಲು ಇಟ್ಕೊಂಡು ಮನೆಗೆ ಬಂದವನು ಅವನು. ಆ ಇಳಿಜಾರು ನೀವು ನೋಡಿದೀರಿ, ಆಡು ಹತ್ತೋಕೂ ಯೋಚನೆ ಮಾಡುತ್ತೆ. ಹೆಣ ಹೊತ್ತು, ಗುಂಡಿ ತೋಡಿ, ಅದರ ಮೇಲೆ ಕಲ್ಲು ಜೋಡಿಸಿ ಗೋಡೆ ಎಬ್ಬಿಸೋದು ಅವನ ಕೈಲಿ ಆಗೋ ಕೆಲಸ ಅಲ್ಲ."

"ಅಲ್ಲ," ಎಂದಳು ವಾಲ್‌ಬುರ್ಗ. "ಇನ್ನೊಬ್ಬರು ಇದ್ದರು."

"ಯಾರು?"

"ಕೊಯ್ಲಿಗೆ ಜೊತೆ ಇದ್ದವರು ಒಟ್ಟೀಲಿಯ, ಹಣ್ಣಿನ ಬುಟ್ಟಿ ಜೊತೆ ಹಿಂಡುವ ಮನೆಗೂ ಇಳಿದಿರ್ತಾರೆ. ಅಲ್ಲಿ ಯಾರಿದ್ದರು ಅಂತ ನೋಡಿರೋರು ಅವರೊಬ್ಬರೇ."

ಬ್ರಾಂಡ್‌ಶೈಡ್ ಬನ್ನನ್ನು ಕಾಗದದಲ್ಲಿ ಸುತ್ತಿ ಕಿಟಕಿಯ ಬಳಿ ಇಟ್ಟ. ಇನ್ನು ಅವನಿಗೆ ಅದು ಬೇಕಿರಲಿಲ್ಲ.

"ನೋಡಿ, ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ. ತಿಂಗಳು ಬದಲಾದ ಮಾತ್ರಕ್ಕೆ ಆಯಮ್ಮ ಪಾರಾಗಲ್ಲ. ಕೊನೆಗೆ ನೋಡಿದವಳು ಅವಳೇ, ಬೀಗದ ಕೈ ಇದ್ದಿದ್ದೂ ಅವಳ ಹತ್ರಾನೇ. ಗಟ್ಟಿಮುಟ್ಟಾದ ಹೆಂಗಸು, ಹುಟ್ಟಿದಾಗಿಂದ ಆ ಇಳಿಜಾರಲ್ಲಿ ಕಲ್ಲು ಹೊತ್ತಿರೋಳು. ನ್ಯಾಯಾಧೀಶರು ಇದನ್ನೇ ಕೇಳ್ತಾರೆ. ಇವತ್ತು ಬಂದು, ಅಲ್ಲಿ ಇಂಥವರಿದ್ದರು ಅಂತ ಒಂದು ಹೆಸರು ಹೇಳಿದ್ರೆ ನಾಳಿನ ಬಂಧನ ನಿಲ್ಲಿಸ್ತೀನಿ. ಹೇಳದಿದ್ರೆ ನನ್ನ ಕೈಲಿ ಏನೂ ಇಲ್ಲ."

"ನಾನು ಹೋಗಿ ಕರೆದು ತರ್ತೀನಿ."

"ಬರ್ತಾರಾ?"

ವಾಲ್‌ಬುರ್ಗ ಕಾರಿನಿಂದ ಇಳಿದಳು. ‘ಪೆನ್ನು ಕೇಳಿದ್ರು’ ಎಂಬ ಮಾತು ಅವಳ ಕಿವಿಯಿಂದ ಇಳಿದಿರಲಿಲ್ಲ.

*

ದಾರಿ ಸ್ಮಶಾನದ ಪಕ್ಕದಲ್ಲೇ ಹೋಗುತ್ತದೆ. ನವೆಂಬರಿನ ಸತ್ತವರ ಹಬ್ಬ ಕಳೆದು ಕೆಲವೇ ದಿನ. ಕೆಂಪು ಗಾಜಿನೊಳಗಿನ ದೀಪಗಳು ಕೆಲವು ಇನ್ನೂ ಉರಿಯುತ್ತಿದ್ದವು. ಲ್ಯೋರ್ ಮನೆತನದ ಕಲ್ಲಿನ ಮೇಲೆ ಫೈಟ್‌ನ ಹೆಸರಿರಲಿಲ್ಲ. ಎಲುಬುಗಳು ಇನ್ನೂ ಪಟ್ಟಣದ ಯಾವುದೋ ಕಪಾಟಿನಲ್ಲಿದ್ದವು. ವಾಲ್‌ಬುರ್ಗ ಗೇಟಿನ ಹೊರಗೇ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. ಹೆಸರಿಲ್ಲದ ಜಾಗಕ್ಕೂ ಒಂದು ಪ್ರಾರ್ಥನೆ ಸಲ್ಲುತ್ತದೆ ಎಂದು ಅಜ್ಜಿ ಅನ್ನುತ್ತಿದ್ದಳು.

ಒಟ್ಟೀಲಿಯ ಥೆಲೆನ್ ಬಾಗಿಲು ತೆರೆದದ್ದು ಕೈಯಲ್ಲಿ ಆಲೂಗಡ್ಡೆ ತುರಿಯುವ ಮಣೆ ಹಿಡಿದುಕೊಂಡೇ. ಅರವತ್ತು ದಾಟಿದ ಎತ್ತರದ ಹೆಂಗಸು. ಬೆನ್ನು ಇನ್ನೂ ಬಾಗಿರಲಿಲ್ಲ.

"ಬನ್ನಿ. ಬೂಟು ಬಿಚ್ಚೋದು ಬೇಡ. ನಾಳೆಯಿಂದ ಈ ನೆಲ ಯಾರು ಒರೆಸ್ತಾರೋ."

"ನಾಳೆ ವಿಷಯ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಬೇಕರಿಯವಳು ಇವತ್ತು ಚಿಲ್ಲರೆ ನನ್ನ ಕೈಗೆ ಕೊಡಲಿಲ್ಲ. ಗಾಜಿನ ಮೇಲೆ ಇಟ್ಟು ಆ ಕಡೆ ತಿರುಗಿದಳು. ನಾನು ಅವಳ ಮಗುವಿಗೆ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು."

ಅಡುಗೆಮನೆ ಬೆಚ್ಚಗಿತ್ತು. ಬೀಡಿನ ಪಾತ್ರೆಯಲ್ಲಿ ತುರಿದ ಆಲೂಗಡ್ಡೆ, ಈರುಳ್ಳಿ, ಹಂದಿಮಾಂಸದ ತುಂಡುಗಳು ಬೆರೆತು ಒಲೆಯ ಹೊಟ್ಟೆಗೆ ಹೋಗಲು ಕಾದಿದ್ದವು. ಒಬ್ಬರಿಗೆ ಮಾಡುವಷ್ಟಲ್ಲ. ಒಬ್ಬರೇ ಇರುವವರು ದೊಡ್ಡ ಪಾತ್ರೆಯಲ್ಲೇ ಮಾಡಿ ದಿನಗಟ್ಟಲೆ ತಿನ್ನುತ್ತಾರೆ ಎಂಬುದು ವಾಲ್‌ಬುರ್ಗಳಿಗೆ ಹೊಸದಲ್ಲ.

"ಸೇಬಿನ ಗೊಜ್ಜು ಇದೆ. ಬೆಂದ ಮೇಲೆ ಒಂದು ತುತ್ತು ತಿಂದೇ ಹೋಗಿ. ಪೊಲೀಸರ ಕಡೆಯವರು ತಿನ್ನಬಾರದು ಅಂತೇನಾದ್ರೂ ಇದ್ರೆ ಬೇಡ."

"ನಾನು ಪೊಲೀಸ್ ಅಲ್ಲ. ಲೇಬಲ್ ಓದೋಳು."

"ಅದೇ ಹೆಚ್ಚು ಭಯ," ಎಂದಳು ಒಟ್ಟೀಲಿಯ. ಅವಳ ತುಟಿಯ ಒಂದು ಬದಿ ಮಾತ್ರ ನಕ್ಕಿತು.

ವಾಲ್‌ಬುರ್ಗ ಕುಳಿತಳು. ಪಾತ್ರೆ ಒಲೆಯೊಳಗೆ ಹೋಯಿತು, ಬಾಗಿಲು ಮುಚ್ಚಿತು, ಬಟ್ಟೆಗೆ ಕೈ ಒರೆಸಿದ್ದಾಯಿತು. ಮಾಡಲು ಇನ್ನೇನೂ ಉಳಿಯದೆ ಹೋದಾಗ ಒಟ್ಟೀಲಿಯ ಎದುರು ಕುಳಿತು, ತಾನೇ ಶುರು ಮಾಡಿದಳು.

"ಅವತ್ತು ಕತ್ತಲೆ ಬಿಡೋ ಮೊದಲೇ ಬಂದು ಕಿಟಕಿ ತಟ್ಟಿದ. ಬಾ ಅಂತಾನೂ ಅನ್ನಲಿಲ್ಲ. ಬುಟ್ಟಿ ತೋರಿಸಿದ. ನಾವಿಬ್ಬರೇ. ಹಣ್ಣು ಬಕೆಟ್ಟಿಗೆ ಬಿದ್ರೆ ಗೋಲಿ ಬಿದ್ದ ಹಾಗೆ ಸದ್ದು. ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ."

ಒಟ್ಟೀಲಿಯ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದಳು.

"ಕೆಳಗಿಳಿಸಿ ಯಂತ್ರಕ್ಕೆ ಹಾಕಿದ್ವಿ. ಮೊದಲ ಹನಿ ಬರೋಕೆ ಎಷ್ಟೋ ಹೊತ್ತು ಹಿಡೀತು. ಬಂದಾಗ ಅವನು ಬೆರಳಿಂದ ತಗೊಂಡು ನನ್ನ ತುಟಿಗೆ ಇಟ್ಟ." ಅವಳು ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದಳು. "ಅಷ್ಟೇ. ಮದುವೆ ಅಂತ ನನಗೆ ಆಗಿದ್ದು ಅದೇ. ಆಮೇಲೆ ಜೇಬಿಂದ ಮನೆ ಬೀಗದ ಕೈ ತೆಗೆದು ಕೊಟ್ಟ. ಸಂಜೆ ಬಾ ಅಂದ. ನಾನು ಮಧ್ಯಾಹ್ನ ಮನೆಗೆ ಬಂದೆ."

"ಹೋದ್ರಾ?"

"ಹೋದೆ. ತಲೆ ಬಾಚ್ಕೊಂಡು ಹೋದೆ. ಮನೇಲಿ ದೀಪ ಇಲ್ಲ. ಹಿಂಡುವ ಮನೇಲಿ ರಸ ಇನ್ನೂ ತೊಟ್ಟಿಕ್ಕುತ್ತಾ ಇತ್ತು. ಅವನಿಲ್ಲ. ಕಾದೆ. ಮಾರನೇ ದಿನಾನೂ ಕಾದೆ. ಎಲ್ಲರೂ ಪೋರ್ಚುಗಲ್ ಅಂದ್ರು. ಸರಿ, ಬೀಗದ ಕೈ ಕೊಟ್ಟ ಮೇಲೆ ಹೆದರಿ ಓಡಿಹೋಗಿದಾನೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಏನಂತ ಹೇಳ್ಲಿ?"

ಒಲೆಯೊಳಗೆ ಕೊಬ್ಬು ಸಣ್ಣಗೆ ಚಟಪಟ ಎನ್ನತೊಡಗಿತು.

"ಇಷ್ಟು ವರ್ಷ ಅವನ ಮೇಲೆ ಸಿಟ್ಟು ಮಾಡ್ಕೊಂಡೇ ಇದ್ದೆ. ಆ ಸಿಟ್ಟೇ ನನಗೆ ಜೊತೆ. ಬಟ್ಟೆ ಒಣ ಹಾಕೋಕೆ ಹಿತ್ತಲಿಗೆ ಹೋದಾಗೆಲ್ಲ ಆ ಇಳಿಜಾರು ಕಾಣುತ್ತೆ. ಅಲ್ಲೇ ಇದ್ದ ನೋಡಿ. ಎಲ್ಲೂ ಹೋಗಿರಲಿಲ್ಲ."

ವಾಲ್‌ಬುರ್ಗ ಅವಳ ಕೈ ಮುಟ್ಟಬೇಕೆಂದುಕೊಂಡಳು. ಅಂಥ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು. ಕೈ ಮೇಜಿನ ಅರ್ಧದವರೆಗೆ ಹೋಗಿ ಅಲ್ಲೇ ಉಳಿಯಿತು.

"ಒಟ್ಟೀಲಿಯ ಅವ್ರೆ, ಮಧ್ಯಾಹ್ನ ನೀವು ಅಲ್ಲಿಂದ ಹೊರಟಾಗ ಹಿಂಡುವ ಮನೇಲಿ ಬೇರೆ ಯಾರಿದ್ದರು?"

ಒಟ್ಟೀಲಿಯ ಕೈ ಒರೆಸಿದ ಬಟ್ಟೆಯನ್ನು ಮಡಚಿ ಮೇಜಿನ ಅಂಚಿಗೆ ಇಟ್ಟಳು.

"ಇನ್‌ಸ್ಪೆಕ್ಟರು ಆ ಕೊಯ್ಲು ಡಿಸೆಂಬರಲ್ಲಿ ಆಗಿದ್ದು ಅಂತ ತಪ್ಪು ತಿಳ್ಕೊಂಡಿದ್ರು. ನಾನು ಸರಿ ಮಾಡಿದೀನಿ. ಇನ್ನು ಗಂಗೋಲ್ಫ್‌ಗೆ ಆಸ್ಪತ್ರೆ ನೆಪ ಇಲ್ಲ."

ಒಟ್ಟೀಲಿಯಳ ಮುಖದಲ್ಲಿ ಬಿಡುಗಡೆ ಕಾಣುತ್ತದೆ ಎಂದು ವಾಲ್‌ಬುರ್ಗ ಕಾದಳು. ಕಂಡದ್ದು ಬೇರೆ. ಆ ಹೆಂಗಸು ಕಣ್ಣು ಮುಚ್ಚಿಕೊಂಡಳು, ದೂರದಿಂದ ಹೊತ್ತು ತಂದ ಕೊಡ ಹೊಸ್ತಿಲಲ್ಲಿ ಜಾರಿದವಳ ಹಾಗೆ.

"ಯಾಕೆ ಸರಿ ಮಾಡಿದ್ರಿ?"

"ಏನಂದ್ರಿ?"

"ಆ ಇನ್‌ಸ್ಪೆಕ್ಟರು ಡಿಸೆಂಬರ್ ಅಂತ ಓದಿದಾಗ ನನಗೂ ಕಿವಿ ಕೇಳಿಸ್ತಿತ್ತು ತಾಯಿ. ಹುಟ್ಟಿದಾಗಿಂದ ಇದೇ ಊರಲ್ಲಿ ಇದೀನಿ. ಹನ್ನೊಂದರದ್ದು ಯಾವಾಗ ಕೊಯ್ದಿದ್ದು ಅಂತ ನನಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಸಹಿ ಹಾಕಿದ್ರಾ?"

"ಹಾಕಿದೆ."

"ಡಿಸೆಂಬರಾದ್ರೆ ತಪ್ಪು ನಿಮ್ಮೊಬ್ಬರ ಮೇಲೇ ಬರುತ್ತೆ."

"ನನ್ನೊಬ್ಬಳ ಮೇಲೇ ಬರುತ್ತೆ. ಅದಕ್ಕೇ."

ವಾಲ್‌ಬುರ್ಗ ಕೇಳಿದಳು. "ಗಂಗೋಲ್ಫ್‌ನ ಉಳಿಸೋಕಾ?"

"ಆ ಕುಂಟನನ್ನಾ?" ಒಟ್ಟೀಲಿಯ ನಕ್ಕಳು. ಆ ನಗೆಯಲ್ಲಿ ಬೆಚ್ಚಗಿನದು ಏನೂ ಇರಲಿಲ್ಲ. "ಅವನನ್ನ ನೇಣಿಗೆ ಹಾಕಿದ್ರೂ ನಾನು ಈ ಕಿಟಕಿ ಪರದೆ ಸರಿಸಿ ನೋಡಲ್ಲ."

"ಅಂದ್ರೆ ಇನ್ನೊಬ್ಬರನ್ನ."

ಒಟ್ಟೀಲಿಯ ಮೇಜಿನ ಮೇಲಿದ್ದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಬದುಕಿದಾರೆ, ಅಲ್ವ? ಸತ್ತವರಿಗಾಗಿ ಯಾರೂ ಜೈಲಿಗೆ ಹೋಗಲ್ಲ. ಮಧ್ಯಾಹ್ನ ಅವರನ್ನ ಅಲ್ಲಿ ನೋಡಿದ್ರಿ. ಆಗ ಅದು ನಿಮಗೆ ಏನೂ ಅನ್ನಿಸಲಿಲ್ಲ. ಗೋಡೆ ಬಿದ್ದ ದಿನ ಎಲ್ಲ ಅರ್ಥ ಆಯ್ತು."

ಒಟ್ಟೀಲಿಯ ಎದ್ದು ಒಲೆಯ ಕಡೆ ತಿರುಗಿ ನಿಂತಳು. ತೆರೆಯಲಿಲ್ಲ. ಬಾಗಿಲಿನ ಬಿಸಿ ಕಬ್ಬಿಣಕ್ಕೆ ಅಂಗೈ ಒಡ್ಡಿ ಸುಮ್ಮನೆ ನಿಂತಳು. ಊರಿನ ಚರ್ಚಿನಲ್ಲಿ ಪ್ರಾರ್ಥನೆಯ ಗಂಟೆ ಶುರುವಾಯಿತು. ಇಬ್ಬರ ತುಟಿಗಳೂ ಅಭ್ಯಾಸಬಲದಿಂದ ಒಂದೇ ಪ್ರಾರ್ಥನೆಯನ್ನು ಸದ್ದಿಲ್ಲದೆ ಆಡಿದವು. ಒಂದೇ ಕೋಣೆಯಲ್ಲಿ ಇದ್ದರೂ ಜೊತೆಯಾಗಿ ಅಲ್ಲ.

ಗಂಟೆ ನಿಂತಿತು.

"ಫೈಟ್‌ಗೆ ಒಂದು ಸಮಾಧಿ ಬೇಡವಾ?" ವಾಲ್‌ಬುರ್ಗ ಮೆಲ್ಲಗೆ ಕೇಳಿದಳು. "ಅವನನ್ನ ಕೊಂದವರು ಯಾರು ಅಂತ ಗೊತ್ತಾಗದೆ ಪೊಲೀಸರು ಎಲುಬು ಬಿಟ್ಟುಕೊಡಲ್ಲ. ನಾಳೆ ನಿಮ್ಮನ್ನ ಕರ್ಕೊಂಡು ಹೋದ್ರೆ ಅವನಿಗೆ ದೀಪ ಹಚ್ಚೋಕೂ ಈ ಊರಲ್ಲಿ ಯಾರೂ ಉಳಿಯಲ್ಲ. ಇದು ನಿಮಗೂ ಗೊತ್ತು."

ಒಟ್ಟೀಲಿಯಳ ಭುಜ ಒಮ್ಮೆ ಅಲುಗಿತು. ಅಷ್ಟೇ.

"ಇನ್‌ಸ್ಪೆಕ್ಟರು ದೋಣಿಗಟ್ಟೆ ಹತ್ರ ಕಾಯ್ತಿದಾರೆ. ಒಳ್ಳೆಯ ಮನುಷ್ಯ, ತಪ್ಪು ಒಪ್ಪಿಕೊಳ್ತಾನೆ. ನಾನು ಪಕ್ಕದಲ್ಲೇ ಇರ್ತೀನಿ. ಬನ್ನಿ ನನ್ನ ಜೊತೆ, ಆ ಒಂದು ಹೆಸರು ಹೇಳಿಬಿಡಿ. ಕೇಳ್ಕೋತೀನಿ ನಿಮ್ಮನ್ನ."

ಒಟ್ಟೀಲಿಯ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಒಣಗಿತ್ತು.

"ಫೈಟ್‌ನ ನಾನು ಒಂದು ಬೆಳಗಿನ ಹೊತ್ತು ಪ್ರೀತಿಸಿದೆ. ನೀವು ಕೇಳ್ತಿರೋ ಹೆಸರಿನವರನ್ನ ಹುಟ್ಟಿದ ದಿನದಿಂದ ನನ್ನ ಮಗುವಿನ ಹಾಗೆ ಎತ್ತಿ ಆಡಿಸಿದೀನಿ." ಅವಳು ಬಾಗಿಲಿನವರೆಗೆ ನಡೆದು ಚಿಲಕ ತೆಗೆದು, ಮಂಜಿನ ಕಡೆ ಕೈ ತೋರಿಸಿದಳು. "ಬರಲ್ಲ. ಹೇಳಲ್ಲ. ನಾಳೆ ನನ್ನನ್ನೇ ಕರ್ಕೊಂಡು ಹೋಗಲಿ. ಇನ್ನೊಂದು ಸಲ ಕೇಳಬೇಡಿ."